ನಮ್ಮ ಹೊಳೆಯ ದೋಣಿಯಲ್ಲಿ ಅರ್ಧ ಗಂಟೆ



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಸುವರ್ಣ ಮಹೋತ್ಸವ ಸಮಿತಿಯವರು ಹೇಳಿದ್ದರು. ಅವರ ಕ್ಷಮೆ ಕೋರಿ, ನಾನು ಒಂದು ದೋಣಿಯ ವಿಷಯ ಹೇಳುತ್ತೇನೆ.

ಕಳೆದ ಮಾರ್ಚ್‌ನಲ್ಲಿ ನಮ್ಮ ಕಂಪನಿಗೆ ಹೊರದೇಶದಿಂದ ಮೂವರು ಬಂದಿದ್ದರು. ಹಕ್ಕಿ ನೋಡಬೇಕು ಎಂದರು. ರಂಗನತಿಟ್ಟಿಗೆ ಕರೆತಂದೆ. ನಮ್ಮೂರಿಂದ ಸೈಕಲ್ ತುಳಿದರೆ ಮುಗಿಯುವ ದಾರಿ. ಆದರೂ ನಾನು ಅಲ್ಲಿ ದೋಣಿ ಹತ್ತಿದ್ದು ಅದೇ ಮೊದಲು.

ಹುಟ್ಟು ಹಾಕುವವರು ತಲೆಗೆ ಟೋಪಿ ಹಾಕಿ, ದಪ್ಪ ಮೀಸೆ ಬಿಟ್ಟಿದ್ದರು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ತಿಳಿಸುವುದು ಎಂದುಕೊಂಡಿದ್ದೆ. ಅವರು ಪ್ರತಿ ಹಕ್ಕಿಗೂ ಎರಡು ಭಾಷೆಯಲ್ಲೂ ಹೆಸರು ಹೇಳಿದರು. ನನಗೆ ಕೆಲಸವೇ ಇರಲಿಲ್ಲ. ಸುಮ್ಮನೆ ಫೋನ್ ಹಿಡಿದು ಫೋಟೊ ತೆಗೆಯುತ್ತಿದ್ದೆ.

"ಸಾರ್, ಫೋನ್ ಸ್ವಲ್ಪ ಕೆಳಗಿಡಿ. ಆ ಬಂಡೆ ನೋಡಿ" ಎಂದರು.

ನನಗೆ ಬರೀ ಬಂಡೆ ಕಂಡಿತು. ಅವರು ಹುಟ್ಟು ನಿಲ್ಲಿಸಿದರು. ದೋಣಿ ತಾನಾಗಿ ತೇಲುತ್ತಾ ಹತ್ತಿರ ಹೋಯಿತು. ಆಗ ಬಂಡೆಯ ಒಂದು ತುದಿ ಮೊಸಳೆಯಾಯಿತು! ಬಾಯಿ ತೆರೆದೇ ಮಲಗಿತ್ತು. ಅದು ಕೋಪವಲ್ಲ, ಮೈಯ ಬಿಸಿ ಇಳಿಸಿಕೊಳ್ಳುವ ರೀತಿಯಂತೆ. ಪಕ್ಕದ ಬಂಡೆಯಲ್ಲಿ ನದಿ ರೀವ ಎಂಬ ಹಕ್ಕಿ ಬರೀ ಕಲ್ಲಿನ ಮೇಲೆ ಮೊಟ್ಟೆ ಇಟ್ಟು ಕೂತಿತ್ತು. ಹೊಳೆಯಲ್ಲಿ ಇದ್ದಕ್ಕಿದ್ದಂತೆ ನೀರು ಏರಿದರೆ ಆ ವರ್ಷದ ಸಂಸಾರವೇ ಕೊಚ್ಚಿಹೋಗುತ್ತದೆ. ಬಾಯ್ಕಳಕ ಎಂಬ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಇರುತ್ತದೆ. ಮರಿಗೆ ಅದಿರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಗದ್ದೆಯ ಬಸವನಹುಳುವನ್ನು ಒತ್ತಿ ಹಿಡಿದು, ಕೊಕ್ಕಿನ ತುದಿ ತೂರಿಸಿ ಮಾಂಸ ಎಳೆಯುತ್ತದೆ. ನಮ್ಮ ಗದ್ದೆಯಲ್ಲೇ ದಿನಾ ನೋಡಿದ್ದ ಹಕ್ಕಿ. ನಾನು ಅದನ್ನು 'ಕೊಕ್ಕರೆ' ಎಂದಷ್ಟೇ ಕರೆದಿದ್ದೆ.

ಆ ತಿಟ್ಟುಗಳ ಕಥೆಯನ್ನೂ ಹೇಳಿದರು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದ ಮೇಲೆ ನಡುಗಡ್ಡೆಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಂತೆ 1940ರಲ್ಲಿ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಇಡೀ ಜಗತ್ತು ಮುಖ್ಯವೆಂದು ಒಪ್ಪಿದ ಜೌಗು ಪ್ರದೇಶ, ನಮ್ಮ ಹೊಳೆಯಲ್ಲಿದೆ.

ದಡಕ್ಕೆ ಬಂದೆವು. ಅತಿಥಿಗಳು ಮುಂದೆ ಹೋದ ಮೇಲೆ ಅವರು ಮೆಲ್ಲಗೆ, "ಏನೋ, ಗುರ್ತು ಸಿಗ್ಲಿಲ್ವಾ?" ಎಂದರು.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯ! ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಡುಮ್ಕಿ ಹೊಡೆದಿದ್ದ. ಪೂರಕ ಪರೀಕ್ಷೆಗೆ ನನ್ನ ನೋಟ್ಸ್ ಕೇಳಿದ್ದ. ಕೊಡುತ್ತೇನೆ ಎಂದವನು ಪಿಯುಸಿಗೆ ಮೈಸೂರಿಗೆ ಹೋಗಿ ಮರೆತೇಬಿಟ್ಟೆ. ಅವನು ಆ ಪರೀಕ್ಷೆ ಕಟ್ಟಲೇ ಇಲ್ಲ. ದೋಣಿ ಹತ್ತುವಾಗಲೇ ನನ್ನನ್ನು ಗುರುತಿಸಿದ್ದನಂತೆ. ಕಂಪನಿಯವರ ಮುಂದೆ ಹೆಸರು ಹಿಡಿದು ಕರೆದರೆ ನನಗೆ ಮುಜುಗರವಾದೀತು ಎಂದು 'ಸಾರ್' ಎಂದಿದ್ದ.

ನೋಟ್ಸಿನ ಮಾತು ಎತ್ತಿದೆ. "ಬಿಡೋ, ಎಷ್ಟು ವರ್ಷ ಆಯ್ತು" ಎಂದ. ಆಮೇಲೆ, "ಎಲ್ಲೆಲ್ಲಿಂದಾನೋ ಜನ ಬರ್ತಾರೆ. ನಮ್ ಸ್ಕೂಲ್ ಮಕ್ಳು ಮಾತ್ರ ಬರಲ್ಲ. ಅವರಿಗೆ ತೋರಿಸ್ಬೇಕು ಅಂತ ಆಸೆ" ಎಂದ.

ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾನೆ.

ಗುರುಗಳೇ, ಸಮಿತಿಯವರೇ, ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸ್ಮಾರ್ಟ್ ಕ್ಲಾಸಿಗೆ ಹಣ ಕೂಡಿಸುತ್ತಿದ್ದೇವೆ. ಅದು ಬೇಕು, ನನ್ನ ಪಾಲನ್ನೂ ಕೊಟ್ಟಿದ್ದೇನೆ. ಅದರ ಜೊತೆಗೆ ನನ್ನದೊಂದು ಕೋರಿಕೆ. ಪ್ರತಿ ವರ್ಷ ಎಂಟನೇ ತರಗತಿಯ ಎಲ್ಲ ಮಕ್ಕಳನ್ನೂ ಒಂದು ದಿನ ಆ ದೋಣಿಗೆ ಕಳಿಸಿ. ಬಸ್ಸು ಮತ್ತು ಟಿಕೆಟ್ಟಿನ ಖರ್ಚು ನನ್ನದು. ಮಕ್ಕಳು ಕಂಡ ಹಕ್ಕಿ, ದಿನಾಂಕ, ಎಣಿಕೆ ಬರೆಯಲು ಶಾಲೆಯಲ್ಲಿ ಒಂದು ದಪ್ಪ ಪುಸ್ತಕ ಇಡೋಣ. ಐವತ್ತು ವರ್ಷದ ಹಿಂದೆ ಹೊಳೆಯಲ್ಲಿ ಏನಿತ್ತು ಎಂದು ತಿಳಿಯಲು ನಮ್ಮ ಶಾಲೆಯಲ್ಲಿ ಒಂದು ಸಾಲು ಬರಹವಿಲ್ಲ. ಶತಮಾನೋತ್ಸವಕ್ಕೆ ಬರುವವರಿಗಾದರೂ ಇರಲಿ.

ಆ ದಿನದ ಮೇಷ್ಟ್ರು ನನ್ನ ಗೆಳೆಯನೇ ಆಗಲಿ. ಇವತ್ತು ಅವನು ಇಲ್ಲಿಗೆ ಬರಲಾಗಲಿಲ್ಲ. ಭಾನುವಾರ, ದೋಣಿಗೆ ಜನ ಹೆಚ್ಚು. ಸಂಜೆ ನಾನೇ ಅಲ್ಲಿಗೆ ಹೋಗುತ್ತೇನೆ. ನಿಮ್ಮ ಒಪ್ಪಿಗೆಯ ಸುದ್ದಿ ಒಯ್ಯುವಂತಾದರೆ ಸಂತೋಷ.