ಗೋಪುರದ ವೃಕ್ಷವೇಷ

ತೆರೆಯ ಮೇಲೆ ಈಗ ಕಾಣುತ್ತಿರುವ ಪೈನ್ ಮರವನ್ನು ವೀಕ್ಷಕರು ತುಸು ನಿಧಾನಿಸಿ ನೋಡಬೇಕು. ಕಾಂಡವು ಬುಡದಿಂದ ತುದಿಯವರೆಗೆ ನೂಲು ಹಿಡಿದಂತೆ ನೆಟ್ಟಗಿದೆ. ಕೊಂಬೆಗಳು ಸೀಸೆ ತೊಳೆಯುವ ಬ್ರಷ್ಷಿನಂತೆ ಸುತ್ತಲೂ ಚಾಚಿಕೊಂಡಿವೆ. ತೊಗಟೆಯೆಂದು ತೋರುವುದು ಉಕ್ಕಿನ ಕಂಬಕ್ಕೆ ಬಳಿದು ಗೀರಿದ ರಾಳದ ಲೇಪ. ಎಲೆಯೆಂದು ತೋರುವುದು, ಲೋಹವಾದರೆ ರೇಡಿಯೋ ತರಂಗಗಳಿಗೆ ಅಡ್ಡಿಯಾದೀತೆಂಬ ಕಾರಣಕ್ಕೆ ಆರಿಸಿದ ಪ್ಲಾಸ್ಟಿಕ್ಕು. ಅದರ ಮರೆಯಲ್ಲಿ ಮೊಬೈಲ್ ಆಂಟೆನಾಗಳು ಅಡಗಿವೆ.

ಅಮೆರಿಕದ ಟೂಸಾನ್ ನಗರದಲ್ಲಿ ಮೃಗಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ಕೃತಕ ಬಂಡೆ, ಮರಗಳನ್ನು ರಚಿಸಿಕೊಡುತ್ತಿದ್ದ ಲಾರ್ಸನ್ ಸಂಸ್ಥೆಯವರು 1992ರಲ್ಲಿ ಡೆನ್ವರ್‌ನಲ್ಲಿ ಇಂಥದೊಂದು ಪೈನ್ ಮರವನ್ನು ನಿಲ್ಲಿಸಿದರು; 1996ರಲ್ಲಿ ಕೇಪ್‌ಟೌನ್‌ನಲ್ಲಿ ತಾಳೆಯ ಮರವೂ ಎದ್ದಿತು.

ಅದೇ 1996ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಗೀಕರಿಸಿದ ದೂರಸಂಪರ್ಕ ಕಾಯಿದೆಯು, ಗೋಪುರವು ಎಲ್ಲಿ, ಹೇಗೆ ನಿಲ್ಲಬೇಕೆಂದು ವಿಧಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೇ ಉಳಿಸಿತಾದರೂ, ಸಂಯುಕ್ತ ಸರ್ಕಾರದ ಸಂಪರ್ಕ ಆಯೋಗವು ಗೊತ್ತುಮಾಡಿದ ಮಿತಿಯೊಳಗಿನ ವಿಕಿರಣದ ಪರಿಣಾಮವನ್ನು ಕಾರಣವಾಗಿ ಒಡ್ಡಿ ಯಾರೂ ಅನುಮತಿ ನಿರಾಕರಿಸಕೂಡದೆಂದು ಕಟ್ಟುಮಾಡಿತು. ಇದರ ಪರಿಣಾಮ ವಿಚಿತ್ರ. ಮನಸ್ಸಿನಲ್ಲಿ ವಿಕಿರಣದ ಅಂಜಿಕೆಯನ್ನೇ ಹೊತ್ತು ಬಂದ ಗೃಹಸ್ಥನೂ ನಗರಸಭೆಯ ಮುಂದೆ ಸೌಂದರ್ಯಮೀಮಾಂಸೆ ನುಡಿಯಬೇಕಾಯಿತು! ಎತ್ತರವೆಷ್ಟು, ಬಣ್ಣ ಯಾವುದು, ಮನೆಯ ಎಲ್ಲೆಯಿಂದ ದೂರವೆಷ್ಟು, ಬುಡದ ಯಂತ್ರಗಳಿಗೆ ಬೇಲಿಯ ಮರೆಯೋ ಗಿಡಗಳ ಮರೆಯೋ ಎಂಬ ನಿಯಮಗಳು ಊರೂರಿನಲ್ಲಿ ಬೆಳೆದುದರಲ್ಲಿ ಈ ಮೌನದ ಪಾಲೂ ಇದೆಯೆಂದೇ ನನ್ನ ಎಣಿಕೆ.

ಆದರೆ ವೇಷ ತೊಟ್ಟ ಮಾತ್ರಕ್ಕೆ ಜಗಳ ತಪ್ಪಲಿಲ್ಲ. ಜಾರ್ಜಿಯಾದ ರಾಸ್‌ವೆಲ್‌ನಲ್ಲಿ, ಮನೆಗಳ ನಡುವಿನ ಖಾಲಿ ನಿವೇಶನದಲ್ಲಿ, ಟಿ-ಮೊಬೈಲ್ ಸಂಸ್ಥೆಯು 108 ಅಡಿಯ ಕೃತಕ ಪೈನ್ ಮರವೊಂದನ್ನು ನೆಡಲು ಬಯಸಿತು. ಅದು ತೀರ ಎತ್ತರ, ಪರಿಸರಕ್ಕೆ ಒಗ್ಗದು ಎಂಬ ಆಕ್ಷೇಪಗಳು ಎದ್ದು, 2010ರ ಏಪ್ರಿಲ್ಲಿನಲ್ಲಿ ನಗರಸಭೆ ಅರ್ಜಿಯನ್ನು ತಳ್ಳಿಹಾಕಿತು. ಎರಡು ದಿನದಲ್ಲಿ ಪತ್ರವೇನೋ ಹೋಯಿತು. ಕಾರಣಗಳು ಮಾತ್ರ ಅದರಲ್ಲಿರಲಿಲ್ಲ. ಅವುಗಳನ್ನೊಳಗೊಂಡ ಸಭೆಯ ನಡವಳಿ ಪ್ರಕಟವಾಗುವ ವೇಳೆಗೆ ಪತ್ರ ಹೋಗಿ 26 ದಿನಗಳಾಗಿದ್ದುವು. 2015ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಸೋಟೊಮೆಯರ್ ಅವರು ಬರೆದ ತೀರ್ಪಿನಲ್ಲಿ, ಕಾರಣಗಳು ಪತ್ರದಲ್ಲಿಯೇ ಇರಬೇಕಿಲ್ಲ, ಆದರೆ ಬಹುಮಟ್ಟಿಗೆ ಅದರ ಜೊತೆಜೊತೆಗೇ ದೊರೆಯಬೇಕೆಂದು ವಿಧಿಸಿತು. ಮರವು ಚೆಲುವೋ ಅಲ್ಲವೋ ಎಂಬ ವಿವಾದದಲ್ಲಿ ನಗರವನ್ನು ಸೋಲಿಸಿದ್ದು ಗುಮಾಸ್ತಿಕೆಯ ವಿಳಂಬ.

ಇನ್ನೊಂದು ಸಂಗತಿಯುಂಟು. 2012ರ ಶಾಸನವನ್ನೂ ಅದರನ್ವಯ 2014ರಲ್ಲಿ ಆಯೋಗವು ಹೊರಡಿಸಿದ ನಿಯಮಗಳನ್ನೂ ಅನುಸರಿಸಿ, ಈಗಾಗಲೇ ನಿಂತಿರುವ ಇಂಥ ಗೋಪುರವನ್ನು, ಮರೆಯು ಕೆಡದಂತೆ, ನೂರಕ್ಕೆ ಹತ್ತರಷ್ಟು ಏರಿಸಲು ಕೇಳಿದರೆ ಊರು ಸಾಮಾನ್ಯವಾಗಿ ಒಲ್ಲೆನೆನ್ನಲಾಗದು. ಉಕ್ಕಿನ ಮರವೂ ಬೆಳೆಯಬಲ್ಲುದು. ಬಿಸಿಲಿಗೆ ಮಾಸಿದ ಹಳೆಯ ಎಲೆಗಳ ಮೇಲೆ ಹೊಸ ಪ್ಲಾಸ್ಟಿಕ್ಕಿನ ಚಿಗುರು.