ಹೊಸ ಬ್ಯಾಟರಿ ಹಾಕಿದ ಮೇಲೆ ಕಾರು ಏನೇನು ಮರೆಯುತ್ತೆ?

ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ್ರಿ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಆದ್ರೆ ಗಡಿಯಾರ ತಪ್ಪು ಟೈಮ್ ತೋರಿಸ್ತಿದೆ. ತಾನಾಗೇ ಮೇಲೇರ್ತಿದ್ದ ಕಿಟಕಿ ಗಾಜು ಅರ್ಧಕ್ಕೇ ನಿಲ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗ್ತಿದೆ. ಜೊತೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಮೊದಲಿಲ್ಲದ ಒಂದು ಹಳದಿ ದೀಪ ಬೇರೆ. ಬ್ಯಾಟರಿ ಹಾಕಿದವನೇ ಏನೋ ಕೆಡಿಸಿದ ಅಂತ ಅನ್ಸುತ್ತೆ. ಬಹುತೇಕ ಸಲ ಯಾರೂ ಏನೂ ಕೆಡಿಸಿರೋದಿಲ್ಲ, ಕಾರು ಮರೆತಿರುತ್ತೆ ಅಷ್ಟೆ.

ಇವತ್ತಿನ ಕಾರಿನೊಳಗೆ ಹಲವು ಪುಟ್ಟ ಕಂಪ್ಯೂಟರ್‌ಗಳಿವೆ. ಎಷ್ಟು ಕಿಲೋಮೀಟರ್ ಓಡಿದೆ, ಯಾವ ಕೀ ತನ್ನದು ಅನ್ನೋದು ಶಾಶ್ವತ ಮೆಮೊರಿಯಲ್ಲಿರುತ್ತೆ, ಕರೆಂಟ್ ಹೋದರೂ ಅಳಿಸೋದಿಲ್ಲ. ಆದರೆ ಓಡ್ತಾ ಓಡ್ತಾ ಕಲಿತ ಎಷ್ಟೋ ವಿಷಯಗಳನ್ನು ಅನೇಕ ಕಾರುಗಳು ಬ್ಯಾಟರಿ ಕರೆಂಟ್‌ನಿಂದಲೇ ನೆನಪಿಟ್ಟುಕೊಂಡಿರುತ್ತವೆ. ಟರ್ಮಿನಲ್ ಬಿಚ್ಚಿದರೆ ಆ ನೆನಪು ಹೋಯ್ತು.

ಮೊದಲು ಕಿಟಕಿ ವಿಷಯ, ಯಾಕಂದ್ರೆ ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. ಗಾಜು ಎಲ್ಲಿದೆ ಅನ್ನೋದನ್ನ ಮೋಟರ್ ತಿರುಗಿದ ಲೆಕ್ಕದಿಂದ ಕಾರು ತಿಳ್ಕೊಳ್ಳುತ್ತೆ. ಮಧ್ಯೆ ಮಗುವಿನ ಕೈ ಸಿಕ್ಕರೆ ಗಾಜು ತಾನಾಗಿ ಕೆಳಗಿಳಿಯೋ ವ್ಯವಸ್ಥೆಗೂ ಅದೇ ಲೆಕ್ಕ ಬೇಕು. ಲೆಕ್ಕ ತಪ್ಪಿದಾಗ ಅನೇಕ ಕಾರುಗಳಲ್ಲಿ ಆ ರಕ್ಷಣೆ ಕೆಲಸ ಮಾಡೋದಿಲ್ಲ. ಹಾಗಾಗಿ ಮಕ್ಕಳನ್ನ ಕೂರಿಸೋ ಮೊದಲು ಇದನ್ನ ಸರಿ ಮಾಡ್ಕೊಳ್ಳಿ. ಬಾಗಿಲು ಹಾಕಿ, ಇಗ್ನಿಷನ್ ಆನ್ ಮಾಡಿ, ಗಾಜು ಪೂರ್ತಿ ಇಳಿಸಿ. ಆಮೇಲೆ ಸ್ವಿಚ್ ಎಳೆದು ಪೂರ್ತಿ ಏರಿಸಿ, ಮುಚ್ಚಿದ ಮೇಲೂ ಮೂರ್ನಾಲ್ಕು ಸೆಕೆಂಡ್ ಸ್ವಿಚ್ ಬಿಡಬೇಡಿ. ಆಟೋ ಸೌಲಭ್ಯ ಇರೋ ಪ್ರತಿ ಕಿಟಕಿಗೂ ಹೀಗೇ ಮಾಡಿ. ಸನ್‌ರೂಫ್‌ಗೂ ಇಂಥದ್ದೇ ಕ್ರಮ ಇರುತ್ತೆ. ಕ್ರಮ ಕಾರಿಂದ ಕಾರಿಗೆ ಸ್ವಲ್ಪ ಬದಲಾಗುತ್ತೆ, ಗ್ಲೌವ್ ಬಾಕ್ಸ್‌ನಲ್ಲಿ ಯಾರೂ ತೆರೆಯದ ಆ ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತೆ.

ಇನ್ನು ಎಂಜಿನ್ ನಡುಕ. ಎಂಜಿನ್ ಒಳಗೆ ಗಾಳಿ ಬಿಡೋ ಥ್ರಾಟಲ್ ಬಾಡಿಯಲ್ಲಿ ವರ್ಷಗಟ್ಟಲೆ ಕಾರ್ಬನ್ ಕೂರುತ್ತೆ. ದಾರಿ ಕಿರಿದಾದಷ್ಟೂ ಇಸಿಯು ಥ್ರಾಟಲನ್ನ ಒಂಚೂರು ಹೆಚ್ಚು ತೆರೆದು ಸರಿದೂಗಿಸ್ತಾ ಬಂದಿರುತ್ತೆ. ಈಗ ಅದು ಹೊಸ ಕಾರಿನ ಲೆಕ್ಕಕ್ಕೆ ವಾಪಸ್ ಹೋಗಿದೆ, ಕಾರ್ಬನ್ ಮಾತ್ರ ಅಲ್ಲೇ ಇದೆ! ಅದಕ್ಕೇ ಹಳೇ ಗಾಡಿಗಳೇ ಹೆಚ್ಚು ನಡುಗೋದು, ಒಮ್ಮೊಮ್ಮೆ ಆಫ್ ಆಗೋದು. ಎಸಿ, ಲೈಟ್, ಮ್ಯೂಸಿಕ್ ಎಲ್ಲ ಆಫ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ ಬಿಸಿ ಆಗೋವರೆಗೆ ಬಯಲಲ್ಲಿ ನಿಲ್ಲಿಸಿ. ಬೇಸ್‌ಮೆಂಟ್‌ನಲ್ಲಿ ಬೇಡ, ಹೊಗೆ ತುಂಬಿಕೊಳ್ಳುತ್ತೆ. ಆಮೇಲೆ ಎಸಿ ಹಾಕಿ ಇನ್ನೈದು ನಿಮಿಷ ಬಿಡಿ. ಒಂದೆರಡು ದಿನ ಮಾಮೂಲಿಯಾಗಿ ಓಡಿಸಿ. ಆಗಲೂ ಸರಿಹೋಗದಿದ್ರೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಕೆಲವು ಕಾರುಗಳಿಗೆ ಸ್ಕ್ಯಾನರ್ ಹಾಕಿ ಕಲಿಸಬೇಕಾಗುತ್ತೆ.

ಹಳದಿ ದೀಪ ಸ್ಟಿಯರಿಂಗ್ ಅಥವಾ ಇಎಸ್‌ಪಿಗೆ ಸಂಬಂಧಿಸಿದ್ದಾದರೆ, ಎಂಜಿನ್ ಆನ್ ಇಟ್ಟು ಸ್ಟಿಯರಿಂಗನ್ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ನೇರ ಮಾಡಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ. ಸಾಮಾನ್ಯವಾಗಿ ಆರುತ್ತೆ. ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಉಳಿದುಕೊಂಡ್ರೆ ಮಾತ್ರ ಗ್ಯಾರೇಜಿಗೆ ಹೋಗಲೇಬೇಕು.

ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗೋ ಸ್ಟಾರ್ಟ್-ಸ್ಟಾಪ್ ಕಾರಾದ್ರೆ, ಆ ಸೌಲಭ್ಯ ಒಂದು ದಿನ ಕೆಲಸ ಮಾಡದೇ ಇರಬಹುದು. ಬ್ಯಾಟರಿ ಸೆನ್ಸರ್ ಹೊಸ ಬ್ಯಾಟರಿಯನ್ನ ಅಳೆಯೋಕೆ ಗಾಡಿ ಲಾಕ್ ಆಗಿ ಕೆಲವು ಗಂಟೆ ನಿಲ್ಲಬೇಕು. ಇಂಥ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬಂದಿದ್ರೆ ಅದೇ ಬಗೆಯದ್ದು ಹಾಕಿಸಿ, ಅಗ್ಗದ ಮಾಮೂಲಿ ಬ್ಯಾಟರಿ ಬೇಗ ಸಾಯುತ್ತೆ. ಬಿಎಂಡಬ್ಲ್ಯು ಥರದ ಕಾರುಗಳಲ್ಲಿ ಹೊಸ ಬ್ಯಾಟರಿಯನ್ನ ಸ್ಕ್ಯಾನರ್‌ನಿಂದ ರಿಜಿಸ್ಟರ್ ಮಾಡಿಸಬೇಕು. ಇಲ್ಲದಿದ್ರೆ ಹಳೇ ಬ್ಯಾಟರಿ ಅಂದ್ಕೊಂಡೇ ಅದು ಚಾರ್ಜ್ ಮಾಡ್ತಿರುತ್ತೆ. ಅಲ್ಲಿ ಸ್ಕ್ಯಾನರ್‌ಗೆ ದುಡ್ಡು ಕೊಡೋದ್ರಲ್ಲಿ ಅರ್ಥ ಇದೆ. ಮಾಮೂಲಿ ಹ್ಯಾಚ್‌ಬ್ಯಾಕ್‌ಗೆ "ಇಸಿಯು ರೀಸೆಟ್" ಅಂತ ಬಿಲ್ ಬಂದರೆ, ಏನು ಮಾಡಿದ್ರಿ ಅಂತ ಕೇಳಿ.

ಬಿಚ್ಚೋ ಮುಂಚೆ ಒಂದಿಷ್ಟು ಎಚ್ಚರಿಕೆ. ಇಗ್ನಿಷನ್ ಆಫ್ ಮಾಡಿ ಐದತ್ತು ನಿಮಿಷ ಬಿಡಿ, ಕೀ ಹೊರಗಿರಲಿ, ಒಂದು ಗಾಜು ಇಳಿಸಿರಲಿ. ಮೊದಲು ಮೈನಸ್ ಬಿಚ್ಚಿ, ಹಾಕುವಾಗ ಮೈನಸ್ ಕೊನೆಗೆ. ಹಳೇ ಕಾರಾದ್ರೆ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳಬಹುದು, ಅದನ್ನ ಮೊದಲೇ ಹುಡುಕಿಟ್ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರಿಗೆ ಇದೇ ಮರೆವು ಒಂದು ಸುಳಿವು. ಟರ್ಮಿನಲ್ ಬಿಚ್ಚಿದ್ರೆ ಎಷ್ಟೋ ಕಾರುಗಳಲ್ಲಿ ಚೆಕ್ ಎಂಜಿನ್ ದೀಪವೂ ಆರುತ್ತೆ, ದೋಷ ಮಾತ್ರ ಅಲ್ಲೇ ಇರುತ್ತೆ. ಗಡಿಯಾರ ತಪ್ಪಿದೆ, ರೇಡಿಯೋದಲ್ಲಿ ಒಂದು ಸ್ಟೇಷನ್ನೂ ಸೇವ್ ಆಗಿಲ್ಲ, ಕಿಟಕಿಯ ಆಟೋ ಸತ್ತಿದೆ ಅಂದ್ರೆ ಬ್ಯಾಟರಿ ಯಾವಾಗ ಬಿಚ್ಚಿದ್ರಿ ಅಂತ ಕೇಳಿ. ಬ್ಲೂಟೂತ್ ಒಬಿಡಿ ಅಡಾಪ್ಟರ್ ಇದ್ರೆ ಫೋನ್‌ನಲ್ಲೇ ರೆಡಿನೆಸ್ ಅನ್ನೋ ಪುಟ ತೆರೆದು ನೋಡಿ. ಅಲ್ಲಿ ಹೆಚ್ಚಿನವು "ಇನ್‌ಕಂಪ್ಲೀಟ್" ಅಂತ ಇದ್ರೆ, ಕಾರಿನ ಮೆಮೊರಿಯನ್ನ ಇತ್ತೀಚೆಗೆ ಅಳಿಸಿರಬಹುದು. ಕೆಲವು ದಿನ ಓಡಿದ ಮೇಲೆ ಮತ್ತೆ ನೋಡ್ತೀನಿ ಅಂತ ಹೇಳಿ, ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ.