ಹೆಸರು ಕೆಟ್ಟ ಹುಡುಗನಿಗೊಂದು ಬ್ಯೂಗಲ್



1912ರ ಡಿಸೆಂಬರ್ 31ರ ರಾತ್ರಿ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ರ‍್ಯಾಂಪಾರ್ಟ್ ಬೀದಿಯಲ್ಲಿ ಹೊಸ ವರ್ಷದ ಗದ್ದಲವೋ ಗದ್ದಲ. ಎಲ್ಲಿ ನೋಡಿದರೂ ಪಟಾಕಿ, ಕೇಕೆ. ಹನ್ನೊಂದು ವರ್ಷದ ಹುಡುಗನೊಬ್ಬ ಮನೆಯವರ ಕಣ್ಣು ತಪ್ಪಿಸಿ ತಂದಿದ್ದ ಪಿಸ್ತೂಲನ್ನು ಮೇಲಕ್ಕೆತ್ತಿ ಢಂ ಎನಿಸಿದ. ಅದರಲ್ಲಿದ್ದದ್ದು ಬರೀ ಸದ್ದಿನ ತೋಟೆ. ಆದರೂ ಹಿಂದಿನಿಂದ ಬಂದ ಪೊಲೀಸಿನವನು ರಟ್ಟೆ ಹಿಡಿದ. ಮರುದಿನವೇ ಮಕ್ಕಳ ನ್ಯಾಯಾಲಯ, ಅಲ್ಲಿಂದ ಕಪ್ಪು ಹುಡುಗರಿಗೆಂದೇ ಇದ್ದ ‘ಕಲರ್ಡ್ ವೇಫ್ಸ್ ಹೋಮ್’ ಎಂಬ ಸುಧಾರಣಾ ಗೃಹ. ಎಷ್ಟು ದಿನ ಎಂದು ಕೇಳಿದರೆ ಹೇಳುವವರಿಲ್ಲ.

ಹುಡುಗನ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಮುಂದೆ ಜಾಝ್ ಸಂಗೀತದ ದಿಕ್ಕನ್ನೇ ಬದಲಿಸಿದವನು. ಆದರೆ ಇವತ್ತು ನಾನು ನೆನೆಯಬೇಕೆಂದಿರುವುದು ಅವನನ್ನಲ್ಲ, ಆ ಗೃಹದಲ್ಲಿ ಹುಡುಗರಿಗೆ ಬ್ಯಾಂಡು ಕಲಿಸುತ್ತಿದ್ದ ಪೀಟರ್ ಡೇವಿಸ್ ಎಂಬ ಮೇಷ್ಟರನ್ನು.

ಲೂಯಿ ಬೆಳೆದದ್ದು ಲಿಬರ್ಟಿ ಮತ್ತು ಪರ್ಡಿಡೊ ಬೀದಿಗಳು ಕೂಡುವ ಜಾಗದಲ್ಲಿ. ಜೂಜು, ಹೆಂಡ, ಸೂಳೆಗಾರಿಕೆ, ಚೂರಿ ಹಾಕುವುದು ಅಲ್ಲಿ ದಿನಬೆಳಗಾದರೆ ಇದ್ದದ್ದೇ. ಊರವರು ಆ ಕೇರಿಯನ್ನು ‘ರಣರಂಗ’ ಎಂದೇ ಕರೆಯುತ್ತಿದ್ದರು. ಅಪ್ಪ ಎಂದೋ ಬಿಟ್ಟುಹೋಗಿದ್ದ. ಅಮ್ಮ ಕಂಡವರ ಮನೆಯಲ್ಲಿ ದುಡಿಯುತ್ತಿದ್ದಳು. ಹುಡುಗ ಗುಜರಿ ಗಾಡಿಯ ಹಿಂದೆ ತಿರುಗಿದ, ಕಲ್ಲಿದ್ದಲು ಹೊತ್ತ, ಓರಗೆಯವರ ಜೊತೆ ಬೀದಿಯಲ್ಲಿ ಹಾಡಿ ಚಿಲ್ಲರೆ ಕಾಸು ಕೂಡಿಸಿದ.

ಸುಧಾರಣಾ ಗೃಹವನ್ನು ನಡೆಸುತ್ತಿದ್ದವರು ಜೋಸೆಫ್ ಜೋನ್ಸ್, ಸೈನ್ಯದಲ್ಲಿ ಇದ್ದು ಬಂದವರು. ಈ ಗೃಹ ಶುರುವಾಗುವ ಮುಂಚೆ ಸಿಕ್ಕಿಬಿದ್ದ ಕಪ್ಪು ಹುಡುಗರನ್ನು ದೊಡ್ಡವರ ಜೈಲಿಗೇ ತಳ್ಳುತ್ತಿದ್ದರು. ಅದನ್ನು ತಪ್ಪಿಸಲೆಂದೇ ಹುಟ್ಟಿದ ಜಾಗ ಇದು. ಹಾಗೆಂದು ಸುಖದ ಜಾಗವೇನಲ್ಲ. ಹೊತ್ತಿಗೆ ಸರಿಯಾಗಿ ಏಳಬೇಕು, ನೆಲ ಒರೆಸಬೇಕು, ಮರದ ಬಂದೂಕು ಹೆಗಲಿಗಿಟ್ಟು ಕವಾಯತು ಮಾಡಬೇಕು. ತಪ್ಪಿದರೆ ಛಡಿಯೇಟು. ಊಟ ಎಂದರೆ ಬೀನ್ಸು, ಬ್ರೆಡ್ಡು, ಕಾಕಂಬಿ. ಇಷ್ಟರ ನಡುವೆ ಒಂದು ಹಿತ್ತಾಳೆ ವಾದ್ಯಗಳ ಬ್ಯಾಂಡು ಇತ್ತು.

ಡೇವಿಸ್ ಮೇಷ್ಟರು ಲೂಯಿಯನ್ನು ಕಂಡೊಡನೆ ಬಾಚಿ ತಬ್ಬಿಕೊಂಡರು ಎಂದು ನೀವು ಊಹಿಸಿದ್ದರೆ, ಇಲ್ಲ. ಅವರಿಗೆ ಈ ಹುಡುಗನ ಮುಖ ಕಂಡರಾಗುತ್ತಿರಲಿಲ್ಲ. ಲಿಬರ್ಟಿ–ಪರ್ಡಿಡೊ ಕಡೆಯವನು ಎಂದಮೇಲೆ ಮುಗಿಯಿತು, ಇವನು ಎಂದಿಗಾದರೂ ಉದ್ಧಾರವಾಗುವ ಪಿಂಡವೇ? ಕಣ್ಣಲ್ಲೇ ಗದರಿಸುತ್ತಿದ್ದರು, ಸಣ್ಣ ತಪ್ಪಿಗೂ ಬಾರಿಸುತ್ತಿದ್ದರು. ಹುಡುಗ ಬ್ಯಾಂಡಿನ ಅಭ್ಯಾಸ ನಡೆಯುವಾಗ ದೂರದಲ್ಲೇ ನಿಂತು ಕೇಳುತ್ತಿದ್ದ. ಕಾರ್ನೆಟ್ ಎಂಬ ತುತ್ತೂರಿಯ ಮೇಲೆ ಅವನಿಗೆ ಜೀವ. ಆದರೆ ಬಾಯಿಬಿಟ್ಟು ಕೇಳಲಿಲ್ಲ.

ದಿನ ಕಳೆದಂತೆ ಮೇಷ್ಟರ ಬಿಗಿ ಸಡಿಲಿತು. ಒಂದು ದಿನ ಬಂದು, ಬ್ಯಾಂಡಿಗೆ ಸೇರುತ್ತೀಯಾ ಎಂದು ಕೇಳಿದರು. ಕಾರ್ನೆಟ್ ಸಿಕ್ಕಿತೆಂದು ಓಡಿ ಬಂದವನ ಕೈಗೆ ಇಟ್ಟದ್ದು ಟ್ಯಾಂಬೊರಿನ್, ಅಂಚಿಗೆ ಬಿಲ್ಲೆ ಕಟ್ಟಿದ ಖಂಜಿರದಂಥ ವಾದ್ಯ. ಹುಡುಗ ಮುಖ ಸಣ್ಣದು ಮಾಡಲಿಲ್ಲ, ತಾಳಕ್ಕೆ ಸರಿಯಾಗಿ ಬಾರಿಸಿದ. ಅಲ್ಲಿಂದ ಡ್ರಮ್ಮಿಗೆ ಬಡ್ತಿ. ಆಮೇಲೆ ಆಲ್ಟೊ ಹಾರ್ನ್. ಅಷ್ಟರಲ್ಲಿ, ಬ್ಯೂಗಲ್ ಊದುತ್ತಿದ್ದ ಹುಡುಗನನ್ನು ಅವನ ಮನೆಯವರು ಬಿಡಿಸಿಕೊಂಡು ಹೋದರು. ಆ ಬ್ಯೂಗಲ್ ಲೂಯಿಯ ಪಾಲಿಗೆ ಬಂತು.

ಕಿಲುಬು ಹಿಡಿದು ಹಸಿರುಗಟ್ಟಿದ್ದ ವಾದ್ಯ ಅದು. ಲೂಯಿ ಮೊದಲು ಮಾಡಿದ ಕೆಲಸ ಅದನ್ನು ಉಜ್ಜಿದ್ದು. ಫಳಫಳ ಹೊಳೆಯುವ ತನಕ ಉಜ್ಜಿದ. ಆಮೇಲೆ ಊದಿದ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಗೃಹದ ಇಡೀ ದಿನಚರಿ ನಿಂತಿದ್ದದ್ದೇ ಬ್ಯೂಗಲ್ಲಿನ ಮೇಲೆ. ಹುಡುಗರು ಏಳಬೇಕಾದರೆ ಅದು ಕೂಗಬೇಕು, ಊಟಕ್ಕೆ ಕೂರಬೇಕಾದರೆ ಕೂಗಬೇಕು, ದೀಪ ಆರಿಸಬೇಕಾದರೂ ಕೂಗಬೇಕು. ನೆನ್ನೆಯ ತನಕ ಯಾರಿಗೂ ಬೇಡವಾಗಿದ್ದವನು ಇವತ್ತು ಹೊತ್ತಿಗೆ ಸರಿಯಾಗಿ ಎದ್ದು ಊದದಿದ್ದರೆ ಇಡೀ ಮನೆ ಏಳುವುದಿಲ್ಲ. ಸಂಗೀತ ಕಲ್ಲನ್ನೂ ಕರಗಿಸುತ್ತದೆ ಎಂಬ ಮಾತನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಆಡುತ್ತೇವೆ. ಪೀಟರ್ ಡೇವಿಸ್ ಹಾಗೆ ಯಾರನ್ನೂ ಕರಗಿಸಲು ಹೋಗಲಿಲ್ಲ. ಒಂದು ಹೊಣೆ ಕೊಟ್ಟರು. ಅದನ್ನು ನಿಭಾಯಿಸಿದ ಮೇಲೆ ಇನ್ನೊಂದನ್ನು ಕೊಟ್ಟರು. ಕೊನೆಗೆ ಕಾರ್ನೆಟ್ ಕೊಟ್ಟು ಪಾಠ ಹೇಳಿದರು, ಬ್ಯಾಂಡಿನ ನಾಯಕನನ್ನಾಗಿಯೂ ಮಾಡಿದರು.

ಬ್ಯಾಂಡು ಊರಿನ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಿತ್ತು. ಒಂದು ಸಲ ಲೂಯಿಯ ಕೇರಿಯ ಮೇಲೇ ಹಾದುಹೋಯಿತು. ನಾಯಕನಾದ್ದರಿಂದ ಅವನಿಗೆ ಬೇರೆಯದೇ ಉಡುಪು, ಕೆನೆಬಣ್ಣದ ಚಲ್ಲಣ, ಕೆನೆಬಣ್ಣದ ಟೋಪಿ. ಜೂಜುಕೋರರು, ಜೇಬುಗಳ್ಳರು, ಕೇರಿಯ ಹೆಂಗಸರು, ಎಲ್ಲರೂ ಬೀದಿಗೆ ಬಂದು ನಿಂತರು. ಮಲಗಿದ್ದ ಅಮ್ಮನನ್ನು ಯಾರೋ ಓಡಿಹೋಗಿ ಎಬ್ಬಿಸಿ ಕರೆತಂದರು. ಹುಡುಗನಿಗೆ ದುಡ್ಡು ಕೊಡಬಹುದೇ ಎಂದು ಆ ಜನ ಮೇಷ್ಟರನ್ನು ಕೇಳಿದರು, ಅವರು ಹೂಂ ಎಂದರು. ಟೋಪಿಗಟ್ಟಲೆ ಚಿಲ್ಲರೆ ಬಿತ್ತು. ಆ ದುಡ್ಡಿನಲ್ಲಿ ಇಡೀ ಬ್ಯಾಂಡಿಗೆ ಹೊಸ ವಾದ್ಯ, ಹೊಸ ಉಡುಪು ಬಂತೆಂದು ಆರ್ಮ್‌ಸ್ಟ್ರಾಂಗ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಯಾವ ಕೇರಿಯ ಹೆಸರು ಹೇಳಿ ಹುಡುಗನನ್ನು ದೂರ ಇಟ್ಟಿದ್ದರೋ, ಗೃಹದ ವಾದ್ಯಗಳಿಗೆ ದುಡ್ಡು ಕೊಟ್ಟದ್ದು ಅದೇ ಕೇರಿ.

ಸುಮಾರು ಒಂದೂವರೆ ವರ್ಷದ ಮೇಲೆ, 1914ರ ಜೂನ್‌ನಲ್ಲಿ, ಲೂಯಿ ಬಿಡುಗಡೆಯಾದ. ಹೊರಗೆ ಬಂದಮಾತ್ರಕ್ಕೆ ಬದುಕೇನೂ ಹಸನಾಗಲಿಲ್ಲ. ಹೊಟ್ಟೆಪಾಡಿಗೆ ಮತ್ತೆ ಕಲ್ಲಿದ್ದಲ ಗಾಡಿ ಹೊಡೆದ, ರಾತ್ರಿ ಹೆಂಡದಂಗಡಿಗಳಲ್ಲಿ ಊದಿದ. ಗುರುವಿನಂತಿದ್ದ ಕಿಂಗ್ ಆಲಿವರ್ ಕರೆದರೆಂದು ಷಿಕಾಗೋಗೆ ಹೋದದ್ದು 1922ರಲ್ಲಿ. ಆಮೇಲಿನದು ಜಗತ್ತಿಗೇ ಗೊತ್ತು.

ಆದರೆ ಡೇವಿಸ್ ಮೇಷ್ಟರ ಕೈಕೆಳಗೆ ಕಲಿತವರೆಲ್ಲ ಆರ್ಮ್‌ಸ್ಟ್ರಾಂಗ್ ಆಗಲಿಲ್ಲ. ಕಿಡ್ ರೀನಾನಂಥ ಕೆಲವರು ವಾದಕರಾಗಿ ಹೆಸರು ಮಾಡಿದರು. ಉಳಿದವರ ಹೆಸರು ಯಾರಿಗೂ ತಿಳಿಯದು. ಅವರ ಪಾಲಿಗೆ ಬ್ಯಾಂಡು ದಂಡವಾಯಿತೇ? ನನಗೆ ಹಾಗೆನಿಸುವುದಿಲ್ಲ. ಹತ್ತು ಜನರ ಜೊತೆ ಲಯ ತಪ್ಪದೆ ಹೆಜ್ಜೆ ಹಾಕಿದ, ತನ್ನ ಸರದಿಗೆ ಕಾದ, ಊರವರಿಂದ ಚಪ್ಪಾಳೆ ಹೊಡೆಸಿಕೊಂಡ ಹುಡುಗನಿಗೆ ತನ್ನ ಬಗ್ಗೆ ಬೇರೆಯೇ ಒಂದು ಲೆಕ್ಕ ಸಿಕ್ಕಿರುತ್ತದೆ. ಅಪರೂಪದ ಪ್ರತಿಭೆಯನ್ನು ಹೆಕ್ಕಿ ತೆಗೆಯುವುದಷ್ಟೇ ಇಂಥ ಕೆಲಸದ ಗುರಿಯಾದರೆ, ಉಳಿದ ಮಕ್ಕಳಿಗೆ ಇನ್ನೊಂದು ಸಲ ಸೋಲಿನ ಮುದ್ರೆ ಒತ್ತಿದಂತೆ.

ನಮ್ಮಲ್ಲೂ ಬಾಲಮಂದಿರಗಳಿವೆ, ವೀಕ್ಷಣಾಲಯಗಳಿವೆ. 2015ರ ಬಾಲನ್ಯಾಯ ಕಾಯ್ದೆ ತಪ್ಪು ಮಾಡಿದ ಮಗುವನ್ನು ಅಪರಾಧಿ ಎನ್ನುವುದಿಲ್ಲ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನುತ್ತದೆ. ಅದರ ಮಾದರಿ ನಿಯಮಗಳಲ್ಲಿ ಸಂಗೀತಕ್ಕೂ ಜಾಗ ಇದೆ, ಆಟ, ಟೀವಿಗಳ ಜೊತೆಗೆ, ಮನರಂಜನೆಯ ಪಟ್ಟಿಯಲ್ಲಿ. ಮನರಂಜನೆ ಬೇಕು, ಬೇಡವೆನ್ನುವುದಿಲ್ಲ. ಆದರೆ ಹೊತ್ತು ಕಳೆಯಲು ಕೊಟ್ಟ ವಾದ್ಯಕ್ಕೂ, ನೀನು ನುಡಿಸದಿದ್ದರೆ ನಡೆಯುವುದಿಲ್ಲ ಎಂದು ಕೊಟ್ಟ ವಾದ್ಯಕ್ಕೂ ಅಜಗಜಾಂತರ.

ಆರ್ಮ್‌ಸ್ಟ್ರಾಂಗ್ ಹೆಸರುವಾಸಿಯಾದ ಮೇಲೆ, 1931ರಲ್ಲಿ, ಆ ಗೃಹಕ್ಕೆ ಹೋಗಿ ಬಂದ. ಅಲ್ಲಿನ ಹುಡುಗರ ಬ್ಯಾಂಡಿನ ಜೊತೆ ನಿಂತು ಫೋಟೊ ತೆಗೆಸಿಕೊಂಡ. ಅಲ್ಲಿ ತಿಂದ ಛಡಿಯೇಟನ್ನು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ, ಮೇಷ್ಟರ ಋಣವನ್ನೂ ಮರೆಯಲಿಲ್ಲ.

ನಮ್ಮ ಬೀದಿಗಳಲ್ಲೂ ಹೆಸರು ಕೆಟ್ಟ ಹುಡುಗರಿರುತ್ತಾರೆ. ಗಣೇಶನ ಹಬ್ಬಕ್ಕೋ, ಊರ ಜಾತ್ರೆಗೋ, ಭಜನೆ ಮಂಡಳಿಗೋ, ಡೊಳ್ಳಿನ ತಂಡಕ್ಕೋ ಜನ ಬೇಕಾದಾಗ ಅಂಥವನನ್ನು ದೂರ ಇಡುವುದೇ ವಾಡಿಕೆ. ಮೊದಲು ಸರಿಹೋಗಲಿ, ಆಮೇಲೆ ಸೇರಿಸೋಣ ಎನ್ನುತ್ತೇವೆ. ಡೇವಿಸ್ ಮೇಷ್ಟರೂ ಮೊದಮೊದಲು ಹಾಗೇ ಅಂದುಕೊಂಡಿದ್ದರು. ಅವರ ದೊಡ್ಡತನ ಇದ್ದದ್ದು ತಮ್ಮ ತೀರ್ಪನ್ನು ತಾವೇ ಬದಲಿಸಿಕೊಂಡದ್ದರಲ್ಲಿ. ಈ ಸಲ ನಾವೂ ಕ್ರಮ ತಿರುಗಿಸಿ ನೋಡಬಹುದು. ಮೊದಲು ಸೇರಿಸೋಣ. ಕಾರ್ನೆಟ್ಟೇ ಆಗಬೇಕೆಂದಿಲ್ಲ, ಒಂದು ಜೊತೆ ತಾಳ ಸಾಕು. ಆದರೆ ಅದು ಅವನದೇ ಆಗಿರಲಿ, ಅವನು ಬಾರದ ದಿನ ಅದರ ಕೊರತೆ ನಮಗೆ ತಟ್ಟಲಿ, ಆ ಮಾತು ಅವನಿಗೂ ತಿಳಿದಿರಲಿ.